ಕೇಬಲ್ ಕಳಚಿದರೆ ಮುಕ್ತಿಯೇ?

ಜಾತ್ರೆ, ಗಣೇಶೋತ್ಸವಗಳ ರಸಮಂಜರಿಯಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಆಂಪ್‌ಗೆ ಕಟ್ಟಿಹಾಕುವುದು ಐದಾರು ಮೀಟರಿನ ಒಂದು ಕೇಬಲ್. ಅದರ ಬದಲು ಗಿಟಾರಿನ ಜ್ಯಾಕ್‌ಗೆ ಬೆರಳುದ್ದದ ಟ್ರಾನ್ಸ್‌ಮಿಟರ್, ಆಂಪ್‌ಗೆ ಅದರ ಜೋಡಿ ರಿಸೀವರ್ ಸಿಕ್ಕಿಸಿದರೆ ವಾದಕ ವೇದಿಕೆಯ ತುಂಬ ಓಡಾಡಬಹುದು. ಸಣ್ಣ ಅನುಕೂಲವೆಂದು ಬಿಟ್ಟುಬಿಡಬಹುದಾದ ಈ ಬದಲಾವಣೆ ಹಳೆಯದೊಂದು ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ: ಕಟ್ಟು ಕಳಚಿದ ಮಾತ್ರಕ್ಕೆ ಬಿಡುಗಡೆಯಾಯಿತೇ? ಇಲ್ಲ ಎಂಬುದು ನನ್ನ ವಾದ. ಒಬ್ಬನ ಕಾಲಬಳಿ ಬಿದ್ದಿದ್ದ ಬಂಧ ಎಲ್ಲರಿಗೂ ಸೇರಿದ ಬಯಲಿಗೆ ಹೋಗುತ್ತದೆ, ಅಷ್ಟೆ. ಹೊಣೆ ಮಾತ್ರ ಹೆಚ್ಚುತ್ತದೆ.

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾದ ಜಾಗ ಚಿಂತಾಮಣಿ ತಾಲ್ಲೂಕಿನ ಕೈವಾರ. ಕನ್ನಡ, ತೆಲುಗು ಎರಡರಲ್ಲೂ ತತ್ತ್ವಪದ ಕಟ್ಟಿದ ಯೋಗಿ ನಾರೇಯಣರು ಬಳೆ ಮಾರುತ್ತ ಊರೂರು ತಿರುಗಿದವರೆಂದು ಪರಂಪರೆ ಹೇಳುತ್ತದೆ. ತತ್ತ್ವಪದಕಾರನ ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ. ನಡಿಗೆ, ಪದ, ಶ್ರುತಿ ಮೂರೂ ಒಂದೇ ದೇಹದಿಂದ ಹೊರಡುತ್ತಿದ್ದವು. ಮೈಕು, ಆಂಪ್ ಬಂದ ಮೇಲೆ ಹಾಡುವವನು ಒಂದೆಡೆ ಕುಳಿತ, ವಾದ್ಯ ತಂತಿಗೆ ಬಿತ್ತು. ಹಾಗಾಗಿ ಕೇಬಲ್ ಬಿಟ್ಟು ನುಡಿಸುವ ಬೇಸ್ ವಾದಕ ಸಂಪ್ರದಾಯ ಮುರಿಯುತ್ತಿದ್ದಾನೆ ಎನ್ನುವುದಕ್ಕಿಂತ, ಕಳೆದುಹೋಗಿದ್ದ ನಡಿಗೆಯನ್ನು ಮರಳಿ ಪಡೆಯುತ್ತಿದ್ದಾನೆ ಎನ್ನುವುದೇ ಸರಿ. ಬೇಸ್ ಗಿಟಾರೇ ಪರದೇಶಿ, ಭಜನೆಗೆ ಅದೇಕೆ ಎಂದು ಕೇಳುವವರಿದ್ದಾರೆ. ಹಾರ್ಮೋನಿಯಂ, ಪಿಟೀಲು ಕೂಡ ಯುರೋಪಿನಿಂದ ಬಂದವೇ. ಇಂದು ಅವಿಲ್ಲದ ಭಕ್ತಿಸಂಗೀತವನ್ನು ಊಹಿಸುವುದೂ ಕಷ್ಟ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬೆರಳಿಗೂ ನಾದಕ್ಕೂ ನಡುವೆ ರೇಡಿಯೊ ಬಂದರೆ ಆ ನೇರ ಸಂಬಂಧ ಕಡಿದುಹೋಗುತ್ತದೆ ಎಂಬುದು. ಲೆಕ್ಕ ಹಾಕಿ ನೋಡೋಣ. ಡಿಜಿಟಲ್ ವೈರ್‌ಲೆಸ್‌ನ ವಿಳಂಬ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಉದ್ದನೆಯ ಕೇಬಲ್ ಹಾಕಿಕೊಂಡೇ ಆಂಪ್‌ನಿಂದ 10 ಮೀಟರ್ ದೂರ ನಿಂತವನಿಗೆ ತನ್ನದೇ ಸ್ವರ 29 ಮಿಲಿಸೆಕೆಂಡು ತಡವಾಗಿ ಕೇಳುತ್ತದೆ. ಅಂತರವನ್ನು ಹೆಚ್ಚು ತರುವುದು ರೇಡಿಯೊ ಅಲ್ಲ, ಗಾಳಿ. ಇನ್ನೂ ಕುತೂಹಲದ ಸಂಗತಿ: ಉದ್ದನೆಯ ಕೇಬಲ್ ತನ್ನ ಕೆಪಾಸಿಟೆನ್ಸ್‌ನಿಂದ ಗಿಟಾರಿನ ಚುರುಕು ಸ್ವರಗಳನ್ನು ಸ್ವಲ್ಪ ಮಂಕಾಗಿಸುತ್ತದೆ. ಕಿವಿ ಆ ಮಂಕಿಗೆ ಎಷ್ಟು ಒಗ್ಗಿದೆಯೆಂದರೆ, ಇಲ್ಲದ ಕೇಬಲ್ಲಿನ ನಾದವನ್ನು ಅನುಕರಿಸುವ ಸೌಲಭ್ಯವನ್ನೇ ಕೆಲವು ವೈರ್‌ಲೆಸ್‌ಗಳಲ್ಲಿ ಕೊಟ್ಟಿದ್ದಾರೆ. ಕರ್ಮ ಹೋದರೂ ವಾಸನೆ ಉಳಿಯುತ್ತದೆ ಎನ್ನುವ ವೇದಾಂತಿಗಳು ಇದನ್ನು ಕಂಡು ಬೆರಗಾಗುತ್ತಿರಲಿಲ್ಲ.

ಇನ್ನು ಬಯಲಿನ ವಿಚಾರ. ಈ ಸಾಧನಗಳಲ್ಲಿ ಅನೇಕವು ನಮ್ಮಲ್ಲಿ ಪರವಾನಗಿ ಬೇಡದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ನೆರೆದವರ ಫೋನುಗಳ ವೈಫೈ, ಬ್ಲೂಟೂತ್ ಇರುವುದೂ ಅಲ್ಲೇ. ಖಾಲಿಯೆಂದು ಕಾಣುವ ಆಕಾಶ ಖಾಲಿಯಲ್ಲ ಎನ್ನುವುದಕ್ಕೆ ಗೌರಿಬಿದನೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಲ್ಲಿನ ರೇಡಿಯೊ ದೂರದರ್ಶಕ 1000 ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿಕೊಂಡು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿತು. ಪಟ್ಟಿ ಬೇರೆ, ನೀತಿ ಒಂದೇ: ಒಬ್ಬನ ಸಂಕೇತ ಇನ್ನೊಬ್ಬನಿಗೆ ಗದ್ದಲ. ಶಬ್ದವು ಆಕಾಶದ ಗುಣ ಎಂದು ವೈಶೇಷಿಕ ದರ್ಶನದವರು ಹೇಳಿದ್ದರಲ್ಲ, ರೇಡಿಯೊ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ಹಿಗ್ಗುವವರೂ ಉಂಟು. ಅದು ತಪ್ಪು. ರೇಡಿಯೊ ತರಂಗ ಶಬ್ದವೇ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರ ನೆಲದಲ್ಲಿ ಇಂಥ ಸಡಿಲ ಮಾತು ಸಲ್ಲದು. ದರ್ಶನದಿಂದ ನಾವು ಪಡೆಯಬೇಕಾದದ್ದು ಭೌತಶಾಸ್ತ್ರವಲ್ಲ. ಆಕಾಶ ಯಾರೊಬ್ಬರದೂ ಅಲ್ಲ ಎಂಬ ಎಚ್ಚರವನ್ನು ಅಲ್ಲಿಂದ ಪಡೆದರೆ ಸಾಕು.

ಹಾಗಾದರೆ ಕೇಬಲ್ಲೇ ವಾಸಿಯಲ್ಲವೇ? ಹಲವು ಕಡೆ ಅಲ್ಲ. ಜನರೇಟರ್ ಮೇಲೆ ನಡೆಯುವ ವೇದಿಕೆಯಲ್ಲಿ ಅರ್ಥಿಂಗ್ ಕೆಟ್ಟಿದ್ದರೆ, ಗಿಟಾರಿನ ಲೋಹದ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಕರೆಂಟು ಹೊಡೆಯಬಹುದು. ವೈರ್‌ಲೆಸ್ ಆ ದಾರಿಯನ್ನೇ ಕಡಿಯುತ್ತದೆ. ಪ್ರಾಣ ಉಳಿಸುವ ಸ್ವಾತಂತ್ರ್ಯವನ್ನು ಶುದ್ಧತೆಯ ಹೆಸರಿನಲ್ಲಿ ಬೇಡವೆನ್ನುವುದು ಧರ್ಮವಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಉತ್ಸವ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು: ವೈರ್‌ಲೆಸ್ ಬೇಸ್‌ಗೆ ಅವಕಾಶ ಕೊಡಿ. ಕಾರ್ಯಕ್ರಮಕ್ಕೆ ಮೊದಲು ಎಲ್ಲ ವಾದಕರನ್ನೂ ಕೂರಿಸಿ ಚಾನೆಲ್‌ಗಳನ್ನು ಹೊಂದಿಸಿ, ಅರ್ಥಿಂಗ್ ಪರೀಕ್ಷಿಸಿ, ಆಂಪ್ ಪಕ್ಕ ಒಂದು ಕೇಬಲ್ಲನ್ನೂ ಇಟ್ಟಿರಿ.