ಸಂತೆಯಲ್ಲಿ ಬಂದ ನಿದ್ದೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಮ್ಮವರು ಬಳಸುವುದು ಹೆಚ್ಚಾಗಿ ಕೊಂಕಿಗೆ. ಮನೆ ತುಂಬ ಮದುವೆಯ ಗಡಿಬಿಡಿ ಇರುವಾಗ ಮೂಲೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರೆ ಈ ಮಾತು ಹೊರಬೀಳುತ್ತದೆ. ಅರ್ಧ ಬೈಗುಳ, ಅರ್ಧ ಹೊಟ್ಟೆಕಿಚ್ಚು. ಆದರೂ ಗಾದೆಯ ಒಳಗೊಂದು ಗಟ್ಟಿ ಸಂಗತಿಯಿದೆ. ನಿದ್ದೆ ಕೆಡಿಸುವುದು ಗದ್ದಲವಲ್ಲ ಎನ್ನುತ್ತದೆ ಅದು. ತರಕಾರಿಯವರ ಕೂಗು, ಧೂಳು, ಬಿಸಿಲಿನ ನಡುವೆ ಖಾಲಿ ಗೋಣಿಚೀಲದ ಮೇಲೆ ಹಮಾಲಿ ಕಣ್ಣು ಮುಚ್ಚುತ್ತಾನೆ. ಬಾಗಿಲು ಕಿಟಕಿ ಭದ್ರಪಡಿಸಿ ಮೆತ್ತನೆ ಹಾಸಿಗೆಯಲ್ಲಿ ಬಿದ್ದವನು ಮಧ್ಯರಾತ್ರಿ ಮಗ್ಗುಲು ಬದಲಿಸುತ್ತಿರುತ್ತಾನೆ.

ಆದರೆ ಚಿಂತೆ ಇಲ್ಲದವನಾಗುವುದು ಹೇಗೆ? ಅಲ್ಲಿ ಗಾದೆ ಕೈಬಿಡುತ್ತದೆ. ‘ಚಿಂತೆ ಬಿಡು’ ಎಂದು ಹೇಳಿಸಿಕೊಂಡು ಬಿಟ್ಟವರನ್ನು ನಾನಂತೂ ಕಂಡಿಲ್ಲ.

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಈ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಲು ಹೊರಟರು. ಅವರ ‘ಪ್ರೋಗ್ರೆಸಿವ್ ರಿಲ್ಯಾಕ್ಸೇಶನ್’ ಪುಸ್ತಕ 1929ರಲ್ಲಿ ಬಂತು. ಅದರ ವಿಧಾನ ಇಷ್ಟೇ: ಸ್ನಾಯುವನ್ನು ಬಿಗಿ ಮಾಡಿ, ಆ ಬಿಗಿಯನ್ನು ಗುರುತಿಸಿ, ಮೆಲ್ಲಗೆ ಸಡಿಲಬಿಡಿ. ತೋಳಾಯಿತು, ಇನ್ನು ಹುಬ್ಬು, ದವಡೆ. ಸ್ನಾಯುಗಳ ಸೂಕ್ಷ್ಮ ವಿದ್ಯುತ್ತನ್ನು ಅಳೆದಾಗ ಅವರಿಗೆ ಕಂಡದ್ದು ಇದು: ತೋಳು ಮಡಿಸುವುದನ್ನು ಬರೀ ಕಲ್ಪಿಸಿಕೊಂಡರೂ ಆ ತೋಳು ಸಣ್ಣಗೆ ಮಿಡಿಯುತ್ತದೆ. ನಾಳಿನ ಸಾಲದ ಕಂತನ್ನು ನೆನೆಯುವವನ ಹೆಗಲು ಇವತ್ತೇ ಬಿಗಿದುಕೊಳ್ಳುವುದರಲ್ಲಿ ಆಶ್ಚರ್ಯವೇನು? ಮನಸ್ಸಿಗೆ ಅಪ್ಪಣೆ ಕೊಟ್ಟರೆ ಅದು ಕೇಳುವುದಿಲ್ಲ. ದವಡೆಗೆ ಕೊಟ್ಟರೆ ಕೇಳುತ್ತದೆ.

ಜರ್ಮನಿಯ ಮನೋವೈದ್ಯ ಯೋಹಾನೆಸ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಬಿಗಿಯುವ ಕೆಲಸವೂ ಇಲ್ಲ. ‘ಬಲಗೈ ಭಾರವಾಗಿದೆ’, ‘ಬೆಚ್ಚಗಿದೆ’ ಎಂದು ಒಳಗೇ ಹೇಳಿಕೊಳ್ಳುತ್ತ ಹೋಗುವುದು. ಮಾಟಮಂತ್ರದಂತೆ ಕೇಳಿಸಬಹುದು. ಆದರೆ ಪರೀಕ್ಷೆಯ ಕೋಣೆಯಲ್ಲಿ ಅಂಗೈ ತಣ್ಣಗಾದದ್ದು ಯಾರಿಗೆ ನೆನಪಿಲ್ಲ? ಹೆದರಿಕೆ ಹತ್ತಿದಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಇಳಿದಾಗ ಹಿಗ್ಗಿ, ರಕ್ತ ಬೆರಳ ತುದಿಯವರೆಗೆ ಹರಿಯುತ್ತದೆ. ಆ ಬಿಸುಪು ಬರೀ ಅನ್ನಿಸಿಕೆಯಲ್ಲ, ಥರ್ಮಾಮೀಟರಿಗೂ ಸಿಗುತ್ತದೆ. ನೋವಿನ ಮಾತೂ ಹೀಗೆಯೇ. ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಲ್ಲು ಕೀಳಿಸಿಕೊಂಡ ಕೆಲವರಿಗೆ ಮದ್ದೇ ಇಲ್ಲದ ಚಿಕಿತ್ಸೆಯಿಂದ ನೋವು ತಗ್ಗಿತ್ತು. ಅಫೀಮಿನಂಥ ಪದಾರ್ಥಗಳನ್ನು ತಡೆಯುವ ನಲೊಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಏರಿತು. ಹಾಗಾದರೆ ನಂಬಿಕೆಯ ಬಲದಿಂದ ಮೈಯೇ ತನ್ನ ಮದ್ದನ್ನು ಅರೆದುಕೊಂಡಿತ್ತು ಎಂದು ಸಂಶೋಧಕರು ತರ್ಕಿಸಿದರು.

ಮೈ ಸಡಿಲಬಿಡುವ ಇಂಥ ದಾರಿಗಳು ನಮ್ಮಲ್ಲೂ ಇವೆ. ಹೆಣದಂತೆ ಅಲುಗಾಡದೆ ಮಲಗುವ ಶವಾಸನ, ಹಳೆಯ ಯೋಗಗ್ರಂಥವಾದ ಹಠಯೋಗಪ್ರದೀಪಿಕೆಯಲ್ಲೇ ಇದೆ. ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರು ಹರಡಿದ ಯೋಗನಿದ್ರೆಯಲ್ಲಿ ಗುರುವಿನ ದನಿ ಹೆಬ್ಬೆರಳಿನಿಂದ ಹಿಡಿದು ಅಂಗ ಅಂಗಕ್ಕೂ ಗಮನವನ್ನು ನಡೆಸುತ್ತದೆ. ಬೆಂಗಳೂರಿನ ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದ ಆವರ್ತನ ಧ್ಯಾನ ನನಗೆ ಇನ್ನೂ ಕುತೂಹಲದ್ದು: ಅದರಲ್ಲಿ ಒಂದಿಷ್ಟು ಆಸನ, ಒಂದಿಷ್ಟು ವಿಶ್ರಾಂತಿ, ಮತ್ತೆ ಆಸನ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶವಾಸನದಲ್ಲಿ ಸುಮ್ಮನೆ ಮಲಗಿದ ನಂತರಕ್ಕಿಂತ ಇದರ ನಂತರವೇ ಆಮ್ಲಜನಕದ ಬಳಕೆ ಹೆಚ್ಚು ಇಳಿದಿತ್ತು. ಇದನ್ನು ಓದಿದ ಮೇಲೆ ಗಾದೆಯ ಮೇಲೆ ನನಗೊಂದು ಗುಮಾನಿ. ಆ ಹಮಾಲಿಗೆ ಚಿಂತೆ ಇಲ್ಲವೆಂದು ಯಾರು ಹೇಳಿದರು? ಸಾಲ ಅವನಿಗೂ ಇದ್ದೀತು. ಬೆಳಗಿನಿಂದ ಮೂಟೆ ಹೊತ್ತು ಬಿಗಿದ ಮೈ ಈಗ ತಾನಾಗಿ ಸಡಿಲಗೊಂಡಿದೆ. ಗಾದೆ ಕಟ್ಟಿದವರು ಅವನ ಮನಸ್ಸನ್ನಷ್ಟೇ ಹೊಗಳಿ, ಬೆನ್ನನ್ನು ಮರೆತರು.

ಮೈ ಸಡಿಲಬಿಡುವ ಈ ಅಭ್ಯಾಸ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ನಿಜ. ಕಣ್ಣು ಮುಚ್ಚಿ ಮಲಗಿದರೆ ಕಳವಳ ಹೆಚ್ಚುವವರೂ ಇದ್ದಾರೆ. ಅಂಥವರು ಕಣ್ಣು ಬಿಟ್ಟುಕೊಂಡು ಕುರ್ಚಿಯಲ್ಲೇ ಮಾಡಬಹುದು. ಎದೆನೋವು ಬಂದಾಗ ಉಸಿರು ಎಣಿಸುತ್ತ ಮಲಗದೆ ಆಸ್ಪತ್ರೆಗೆ ಓಡಬೇಕು. ಇನ್ನು ಫೋನಿನಲ್ಲಿ ವಿಶ್ರಾಂತಿ ಕಲಿಸುವ ಹತ್ತು ನಿಮಿಷದ ದನಿ ಕೇಳಿ ಏನೂ ಆಗಲಿಲ್ಲ ಎನ್ನುವವರಿಗೆ ಒಂದು ಮಾತು: ಜೇಕಬ್ಸನ್ ಮೊದಮೊದಲು ಕಲಿಸುತ್ತಿದ್ದದ್ದು ಒಂದು ತೋಳನ್ನಷ್ಟೇ, ಇಡೀ ಮೈ ಮುಗಿಯಲು ತಿಂಗಳುಗಳೇ ಹಿಡಿಯುತ್ತಿದ್ದವು.