ಒಂದು ಅಂಕದ ಗೆಲುವು

ಕಾರಿನ ಓಟಕ್ಕೂ ನನಗೂ ಯಾವ ಜನ್ಮದ ನಂಟೂ ಇಲ್ಲ. ಪ್ರಾಣ ಕೈಯಲ್ಲಿ ಹಿಡಿದು ಸುತ್ತಿದಲ್ಲೇ ಸುತ್ತಿ, ಹೊರಟ ಜಾಗಕ್ಕೇ ಬಂದು ನಿಲ್ಲುವುದರಲ್ಲಿ ಅದೇನು ಸುಖವೋ ಎಂದು ಈಗಲೂ ಅನ್ನಿಸುತ್ತದೆ. ಆದರೂ ಫಿಲ್ ಹಿಲ್ ಎಂಬ ಅಮೆರಿಕನ್ ಚಾಲಕನ ಕಥೆ ಓದಿದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇನ್ನೊಬ್ಬರ ಸಾವಿನ ಹಿಂದೆಯೇ ನಡೆದುಬಂದ ಗೆಲುವನ್ನು ಮನುಷ್ಯ ಏನು ಮಾಡಬೇಕು?

ಹಿಲ್ ಹುಟ್ಟಿದ್ದು 1927ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ. ನಾವು ಕಲ್ಪಿಸಿಕೊಳ್ಳುವ ಎಂಟೆದೆಯ ಬಂಟನಲ್ಲ ಆತ. ಬಲು ಆತಂಕದ ಜೀವ. 1954ರಲ್ಲಿ ಹೊಟ್ಟೆಯ ಹುಣ್ಣಿನಿಂದ ನರಳಿ, ಕೆಲವು ತಿಂಗಳು ಓಟವನ್ನೇ ಬಿಟ್ಟಿದ್ದ. ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುವುದು, ತಾನಾಗಿಯೇ ನುಡಿಯುವ ಹಳೆಯ ಪಿಯಾನೋಗಳನ್ನು ರಿಪೇರಿ ಮಾಡುವುದು, ಸಂಗೀತ ಕೇಳುವುದು ಅವನಿಗೆ ಪ್ರಿಯವಾದ ಕೆಲಸಗಳು. ಇಂಥವನು ಮತ್ತೆ ಓಟಕ್ಕೆ ಹೋದ, ಇಟಲಿಯ ಫೆರಾರಿ ತಂಡ ಸೇರಿದ. ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ಓಟವನ್ನು ಜೊತೆಗಾರನೊಂದಿಗೆ ಮೂರು ಸಲ ಗೆದ್ದ. ಅಷ್ಟು ಹೆದರಿಕೆ ಇದ್ದವನು ಯಾಕೆ ಹೋದ ಎನ್ನುತ್ತೀರಾ? ಹೆರಿಗೆಯ ನೋವು ಗೊತ್ತಿದ್ದೂ ಎರಡನೆಯ ಮಗುವನ್ನು ಬಯಸುವ ನಾವು ಆ ಪ್ರಶ್ನೆ ಕೇಳದಿರುವುದೇ ವಾಸಿ.

1961ರ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿಗೆ ಪೈಪೋಟಿ ನಡೆದದ್ದು ಒಂದೇ ಮನೆಯ ಇಬ್ಬರ ನಡುವೆ, ಓರಗಿತ್ತಿಯರ ಹಾಗೆ. ಒಬ್ಬ ಹಿಲ್. ಇನ್ನೊಬ್ಬ ಜರ್ಮನಿಯ ಹಳೆಯ ಜಹಗೀರುದಾರ ಮನೆತನದ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್. ಇಬ್ಬರೂ ಫೆರಾರಿಯವರೇ. ಇಟಲಿಯ ಮೋಂಜಾ ಓಟಕ್ಕೆ ಬರುವಾಗ ಟ್ರಿಪ್ಸ್‌ಗೆ 33 ಅಂಕ, ಹಿಲ್‌ಗೆ 29. ಸೆಪ್ಟೆಂಬರ್ 10ರಂದು, ಎರಡನೆಯ ಸುತ್ತಿನಲ್ಲಿ, ಟ್ರಿಪ್ಸ್‌ನ ಕಾರಿಗೆ ಜಿಮ್ ಕ್ಲಾರ್ಕ್‌ನ ಕಾರು ತಗುಲಿತು. ಟ್ರಿಪ್ಸ್‌ನ ಕಾರು ಪಕ್ಕದ ದಿಬ್ಬ ಹತ್ತಿ, ಬೇಲಿಗೆ ಒತ್ತಿಕೊಂಡು ನಿಂತಿದ್ದ ಜನರ ಮೇಲೆ ಎರಗಿತು. ಟ್ರಿಪ್ಸ್ ಸತ್ತ. ಓಟ ನೋಡಲೆಂದು ಬೆಳಿಗ್ಗೆ ಮನೆಯಿಂದ ಹೊರಟು ಬಂದಿದ್ದ 15 ಮಂದಿಯೂ ಸತ್ತರು. ಓಟ ಮಾತ್ರ ನಿಲ್ಲಲಿಲ್ಲ. ಒಟ್ಟು 43 ಸುತ್ತು. ಉಳಿದದ್ದನ್ನೆಲ್ಲ ಹಿಲ್ ಓಡಿಸಿದ. ಫೆರಾರಿಯ ಐದು ಕಾರುಗಳಲ್ಲಿ ಕೊನೆ ಮುಟ್ಟಿದ್ದು ಅವನದೊಂದೇ, ಅದೂ ಮೊದಲನೆಯದಾಗಿ. ಇಳಿದ ಮೇಲೆಯೇ ಟ್ರಿಪ್ಸ್ ಇಲ್ಲವೆಂದು ತಿಳಿದದ್ದು. ಕೊನೆಯ ಲೆಕ್ಕದಲ್ಲಿ ಹಿಲ್‌ಗೆ 34, ಟ್ರಿಪ್ಸ್‌ಗೆ 33.

ಅಮೆರಿಕದ ಮೊದಲ ವಿಶ್ವ ಚಾಂಪಿಯನ್, ಪ್ರಶಸ್ತಿಯ ಬೆನ್ನಿಗೇ ಹೆಗಲು ಕೊಟ್ಟದ್ದು ಟ್ರಿಪ್ಸ್‌ನ ಶವಪೆಟ್ಟಿಗೆಗೆ. ಆ ವರ್ಷದ ಕೊನೆಯ ಓಟ ಅಮೆರಿಕದಲ್ಲೇ ಇತ್ತು. ಫೆರಾರಿ ತಂಡ ಅಲ್ಲಿಗೆ ಹೋಗಲಿಲ್ಲ, ತನ್ನೂರವರ ಮುಂದೆ ಹಿಲ್ ಓಡಲೂ ಇಲ್ಲ. ಮುಂದೆ ಫಾರ್ಮುಲಾ ಒನ್‌ನಲ್ಲಿ ಅವನು ಒಂದು ವಿಶ್ವ ಪ್ರಶಸ್ತಿಯ ಓಟವನ್ನೂ ಗೆಲ್ಲಲಿಲ್ಲ.

ಸತ್ತವನ ಪಾಲಿನದು ಇವನಿಗೆ ಸಿಕ್ಕಿತು ಅಂದುಬಿಡುವುದು ಸುಲಭ. ಆದರೆ ಮೋಂಜಾಕ್ಕೆ ಮೊದಲು ಅದೇ ವರ್ಷ ಸತತ ಐದು ಓಟಗಳಲ್ಲಿ, ಎಲ್ಲರಿಗಿಂತ ಬೇಗ ಸುತ್ತು ಹಾಕಿ ಮುಂದಿನ ಜಾಗದಿಂದ ಹೊರಟವನು ಹಿಲ್. ಆ ದುಡಿಮೆ ಎಲ್ಲಿಗೆ ಹೋಗಬೇಕು?

ನನಗೆ ಪರಿಚಯದ ಒಬ್ಬರು ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದರು. ಮೊದಲ ಸಂಬಳದ ದಿನ ಯಾರೋ ಬಾಯಿ ತಪ್ಪಿ ಸಿಹಿ ಕೇಳಿದರಂತೆ. ಕೊಡಿಸಿದರೆ ಎಂಥ ಹೆಂಗಸು, ಕೊಡಿಸದಿದ್ದರೆ ಎಂಥ ಜಿಪುಣಿ! "ಈ ಕುರ್ಚಿ ಹೇಗೆ ಬಂತು ಅನ್ನೋದು ನಂಗೊತ್ತಿಲ್ವೇನ್ರೀ? ಹಾಗಂತ ನಾನು ತಪ್ಪಿಲ್ಲದೆ ಲೆಕ್ಕ ಬರೆಯೋದು ಸುಳ್ಳಾಗುತ್ಯೇ?" ಎಂದು ಆಕೆ ಕೇಳಿದ್ದು ಹಿಲ್‌ನ ಕಥೆ ಓದುವಾಗಲೆಲ್ಲ ಕಿವಿಯಲ್ಲಿ ಕೇಳಿಸುತ್ತದೆ.

ಅವನು ಆವತ್ತೇ ಓಟ ಬಿಡಬೇಕಿತ್ತು ಎನ್ನುವವರು ಇದ್ದಾರು. ಬಂದದ್ದನ್ನು ಬೇಡವೆನ್ನುವುದೇ ದೊಡ್ಡ ಗುಣವೆಂದು ಹೆಣ್ಣುಮಕ್ಕಳಿಗಂತೂ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ನನಗೇಕೋ ಒಪ್ಪಿಗೆಯಾಗದು. ಹಿಲ್ ಬೇಡವೆಂದ ಮಾತ್ರಕ್ಕೆ ಆ ಅಂಕ ಟ್ರಿಪ್ಸ್‌ಗೆ ತಲುಪುತ್ತಿರಲಿಲ್ಲ. ಬೇಲಿಯ ಬಳಿ ನಿಂತಿದ್ದ ಯಾರೊಬ್ಬರೂ ಎದ್ದು ಮನೆಗೆ ಹೋಗುತ್ತಿರಲಿಲ್ಲ. ಬಿಟ್ಟೆ ಎಂಬ ಹೆಮ್ಮೆಯೊಂದು ಅವನಿಗೆ ದಕ್ಕುತ್ತಿತ್ತು, ಅಷ್ಟೆ. ಹಿಲ್ ಶವಪೆಟ್ಟಿಗೆಗೂ ಹೆಗಲು ಕೊಟ್ಟ, ಪ್ರಶಸ್ತಿಯನ್ನೂ ಇಟ್ಟುಕೊಂಡ. ಎರಡರ ಭಾರವನ್ನೂ ಒಟ್ಟಿಗೆ ಹೊರುವುದು ಬಿಟ್ಟುಕೊಡುವುದಕ್ಕಿಂತ ಕಷ್ಟ ಎಂದು ನನ್ನ ಎಣಿಕೆ.

ವಿಧಿಯಾಟ ನೋಡಿ. ಅಮೆರಿಕದ ಎರಡನೆಯ ವಿಶ್ವ ಚಾಂಪಿಯನ್ ಮಾರಿಯೋ ಆಂಡ್ರೆಟ್ಟಿಗೆ ಪ್ರಶಸ್ತಿ ಖಚಿತವಾದದ್ದೂ 1978ರಲ್ಲಿ ಅದೇ ಮೋಂಜಾದಲ್ಲಿ. ಅಂದು ಅವಘಡಕ್ಕೆ ಸಿಕ್ಕಿದ ಅವನದೇ ತಂಡದ ರೋನಿ ಪೀಟರ್ಸನ್ ಮರುದಿನ ತೀರಿಕೊಂಡ.

ಹಿಲ್ 1967ರಲ್ಲಿ ಓಟ ನಿಲ್ಲಿಸಿದ. ಕಡೆಯ ಓಟವನ್ನೂ ಗೆದ್ದೇ ಇಳಿದ. ಆಮೇಲೆ ಸಾಂತಾ ಮೋನಿಕಾದಲ್ಲಿ ಪಾಲುದಾರನೊಬ್ಬನ ಜೊತೆ ಹಳೆಯ ಕಾರುಗಳನ್ನು ಮೊದಲಿನಂತೆ ಮಾಡಿಕೊಡುವ ಕಾರ್ಖಾನೆ ನಡೆಸಿದ. ನಲವತ್ತು ದಾಟಿದ ಮೇಲೆ ಮದುವೆಯಾಗಿ, 81 ವರ್ಷ ಬದುಕಿ, 2008ರಲ್ಲಿ ತೀರಿಕೊಂಡ. ಮಗ ಡೆರೆಕ್ ಕೂಡ ಕಾರು ಓಟಗಾರನೇ ಆದ. ಅವನು ಮೊದಲ ಸಲ ಹೆಲ್ಮೆಟ್ ತೊಟ್ಟ ದಿನ ಅಪ್ಪನ ಹೊಟ್ಟೆಯ ಹುಣ್ಣು ಏನೆಂದಿತೋ!