ಊರಿಗೆ ಊರೇ ಮಚ್ಚೆಯಾದರೆ ಪಾಪ ಯಾರದು?

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲು ಒರಟಾಗಿ ಗಂಟುಗಟ್ಟಿದ್ದವು. ಎದೆ, ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಬಣ್ಣ ಹೋದ ಬಿಳಿ ಚುಕ್ಕೆಗಳು. ಸಮೀಪದಲ್ಲೇ ಮುಚ್ಚಿಹೋದ ಹಳೆಯ ಚಿನ್ನದ ಗಣಿಯೊಂದಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಈ ಭಾಗದ ಕೊಳವೆಬಾವಿಗಳಿಂದ 59 ನೀರಿನ ಮಾದರಿಗಳನ್ನು ಪರೀಕ್ಷಿಸಲಾಯಿತು. ಐದರಲ್ಲಿ ನಾಲ್ಕರಷ್ಟು ಮಾದರಿಗಳಲ್ಲಿ ಆರ್ಸೆನಿಕ್, ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ದಾಟಿತ್ತು. ತಪಾಸಣೆ ಮಾಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೈಮೇಲೆ ಆ ವಿಷದ ಗುರುತುಗಳಿದ್ದವು. ಚರ್ಮರೋಗ ಪೂರ್ವಜನ್ಮದ ಪಾಪದ ಫಲ ಎಂಬ ನಂಬಿಕೆಯನ್ನು ಈ ತಾಂಡಾದ ಮುಂದೆ ನಿಲ್ಲಿಸಿ ನೋಡಬೇಕು. ಒಂದೇ ಬಗೆಯ ಪಾಪ ಮಾಡಿದ ಇಷ್ಟೊಂದು ಜೀವಗಳು ಒಂದೇ ಕೊಳವೆಬಾವಿಯ ಸುತ್ತ ಹುಟ್ಟಿಬಂದವೇ? ಕೂಸುಗಳೂ ಮುದುಕರೂ ಕುಡಿದದ್ದು ಅದೇ ನೀರನ್ನು ಎಂಬುದಕ್ಕಿಂತ ದೂರದ ಕಾರಣವನ್ನು ಹುಡುಕುವ ಅಗತ್ಯ ಎಲ್ಲಿದೆ?

ಆ ನಂಬಿಕೆ ಬರಿಯ ಹಳ್ಳಿಗರದ್ದಲ್ಲ, ಶಾಸ್ತ್ರದ ಬೆಂಬಲವೂ ಅದಕ್ಕಿದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಯಾವ ಪಾಪಕ್ಕೆ ಯಾವ ದೇಹದೋಷ ಎಂದು ಪಟ್ಟಿ ಕೊಡುತ್ತದೆ. ಬಟ್ಟೆ ಕದ್ದವನಿಗೆ ತೊನ್ನು, ಗುರುಪತ್ನಿಯನ್ನು ಕೂಡಿದವನಿಗೆ ಕೆಟ್ಟ ಚರ್ಮ. ಅದೇ ಗ್ರಂಥದ ಮೂರನೆಯ ಅಧ್ಯಾಯ, ತೊನ್ನು ಮತ್ತು ಕುಷ್ಠ ಇರುವ ಮನೆತನಗಳಿಂದ ಹೆಣ್ಣು ತರಬಾರದು ಎನ್ನುತ್ತದೆ. ವೈದ್ಯಗ್ರಂಥವಾದ ಚರಕಸಂಹಿತೆ ಕೂಡ ತೊನ್ನಿನ ಕಾರಣಗಳಲ್ಲಿ ವಿರುದ್ಧಾಹಾರದ ಜೊತೆಗೆ ಸುಳ್ಳು, ಕೃತಘ್ನತೆ, ಹಿಂದಿನ ಜನ್ಮದ ಕರ್ಮಗಳನ್ನು ಸೇರಿಸಿದೆ. ನಮ್ಮ ಕರಾವಳಿಯಲ್ಲಿ ವಾಸಿಯಾಗದ ಕಜ್ಜಿ, ಇಸಬು ಕಂಡರೆ ನಾಗದೋಷದ ಮಾತು ಬರುತ್ತದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ದಿನಗಳಲ್ಲಿ ಉಂಡ ಎಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನದ ಹಿಂದೆಯೂ ಚರ್ಮರೋಗ ಕಳೆಯಲಿ ಎಂಬ ಹರಕೆ ಇರುತ್ತಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು, 2017ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಕಾನೂನು ಅದನ್ನು ನಿಷೇಧಿಸಿತು. ಆಚರಣೆಯನ್ನು ಕಾನೂನು ನಿಲ್ಲಿಸಬಹುದು. ಅದರ ಬುಡದಲ್ಲಿರುವ ತರ್ಕವನ್ನು ವಾದದಿಂದಲೇ ಎದುರಿಸಬೇಕು.

ಚರ್ಮರೋಗಗಳ ಹರಡುವಿಕೆಯನ್ನು ಒಂದು ಪ್ರದೇಶದ ಮಟ್ಟದಲ್ಲಿ ಗಮನಿಸಿದರೆ ಅವು ಹಿಡಿಯುವ ದಾರಿ ಕಾಣುತ್ತದೆ. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಬಯಲುಸೀಮೆಯನ್ನೆಲ್ಲ ಆವರಿಸಿತು. ಅದರ ಒಣಪುಡಿ ಗಾಳಿಯಲ್ಲಿ ತೂರಿ ರೈತರ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತು ತುರಿಕೆ ಏಳುತ್ತದೆ, ಕಾಲಾಂತರದಲ್ಲಿ ಆ ಜಾಗದ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಅಂಗಿ ಮುಚ್ಚಿದ ಮೈ ಬಹುಪಾಲು ಪಾರಾಗುತ್ತದೆ. ಪೂರ್ವಜನ್ಮದ ಕರ್ಮಕ್ಕೆ ಅಂಗಿಯ ಅಂಚು ಗೊತ್ತಿರಲು ಸಾಧ್ಯವೇ? ಕಜ್ಜಿಯ ನುಸಿ ಬೆರಳ ಸಂದಿಯಲ್ಲಿ ಬಿಲ ಕೊರೆಯುತ್ತದೆ, ರಾತ್ರಿ ಕೆರೆತ ಹೆಚ್ಚಾಗುತ್ತದೆ, ಒಂದೇ ಚಾಪೆಯಲ್ಲಿ ಮಲಗುವ ಮಕ್ಕಳಿಗೆಲ್ಲ ಹತ್ತುತ್ತದೆ. ಹಾಸ್ಟೆಲುಗಳಲ್ಲಿ ಅದು ಹೆಚ್ಚು ಕಾಣಲು ಕಾರಣ ಅಲ್ಲಿನ ಇಕ್ಕಟ್ಟು. ಬೆವರು, ಸೆಕೆ, ಬಿಗಿ ಉಡುಪು ಇದ್ದಲ್ಲಿ ಹುಳುಕಡ್ಡಿ. ಈಗ ಅದು ಮೊದಲಿನಷ್ಟು ಸುಲಭಕ್ಕೆ ಬಗ್ಗುತ್ತಿಲ್ಲ. ಚೀಟಿ ಇಲ್ಲದೆ ಮಾರುವ ಸ್ಟೀರಾಯ್ಡ್ ಮುಲಾಮು ಒಂದೆರಡು ದಿನ ಕೆರೆತವನ್ನು ಅಡಗಿಸಿ, ಒಳಗಿನ ಶಿಲೀಂಧ್ರಕ್ಕೆ ಹಬ್ಬಲು ಬಿಡುತ್ತದೆ. 2018ರಲ್ಲಿ ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯವಾದರೂ ಅಂಗಡಿಯ ಕಟ್ಟೆಯ ಮೇಲೆ ವ್ಯಾಪಾರ ನಿಂತಿಲ್ಲ. ಹೀಗೆ ರೋಗ ಹಂಚಿಕೆಯಾಗುವುದು ನೀರು, ಗಾಳಿ, ಹಾಸಿಗೆ, ಅಂಗಡಿಗಳ ಮೂಲಕ. ಚಿಕಿತ್ಸೆಯೂ ಹಾಗೆಯೇ. ಕಜ್ಜಿಯ ಮುಲಾಮನ್ನು ಮನೆಮಂದಿಯೆಲ್ಲ, ಕೆರೆತ ಇಲ್ಲದವರೂ ಸೇರಿ, ಒಂದೇ ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿಕೊಂಡು ವಾರದ ನಂತರ ಮತ್ತೆ ಹಚ್ಚಬೇಕು. ಒಬ್ಬನಿಗಷ್ಟೇ ಹಚ್ಚಿದರೆ ಅವನಿಗೂ ವಾಸಿಯಾಗುವುದಿಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ನುಸಿ, ಆರ್ಸೆನಿಕ್, ಸೂಕ್ಷ್ಮಜೀವಿ ಇವೆಲ್ಲ ಹತ್ತಿರದ ನಿಮಿತ್ತಗಳು ಮಾತ್ರ. ಅದೇ ನೀರು ಕುಡಿದ ಇಬ್ಬರಲ್ಲಿ ಒಬ್ಬನಿಗೇ ಏಕೆ ಬಂತು ಎಂಬುದಕ್ಕೆ ಉತ್ತರ ಕರ್ಮವೇ ಎಂದು ಆಸ್ತಿಕರು ಹೇಳಬಹುದು. ಈ ವಾದವನ್ನು ಹಗುರವಾಗಿ ತಳ್ಳಬಾರದು. ಆದರೆ ಕರ್ಮಸಿದ್ಧಾಂತವನ್ನು ಪೂರ್ತಿ ಒಪ್ಪಿದರೂ ರೋಗಿಯನ್ನು ಪಾಪಿ ಎನ್ನಲು ದಾರಿ ಸಿಗುವುದಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ ಎಂದು ನಮ್ಮ ನ್ಯಾಯಶಾಸ್ತ್ರವೇ ಕಲಿಸಿದೆ. ಪಾಪವೆಲ್ಲ ನೋವು ತರುತ್ತದೆ ಎಂದು ನಂಬಿದವನಿಗೂ, ನೋವೆಲ್ಲ ಪಾಪದಿಂದ ಬಂದಿದೆ ಎಂದು ತಿರುಗಿಸಿ ಹೇಳುವ ಅಧಿಕಾರವಿಲ್ಲ. ಬುದ್ಧನ ಮುಂದೆ ಸೀವಕನೆಂಬ ಪರಿವ್ರಾಜಕ ಇದೇ ಪ್ರಶ್ನೆ ಇಟ್ಟಾಗ, ಬುದ್ಧ ನೋವಿಗೆ ಪಿತ್ತ, ಕಫ, ವಾತ, ಇವುಗಳ ಸನ್ನಿಪಾತ, ಋತು, ಅಜಾಗರೂಕತೆ, ಪರರಿಂದಾದ ಪೆಟ್ಟು ಎಂದು ಏಳು ಕಾರಣಗಳನ್ನು ಹೇಳಿ, ಕರ್ಮವನ್ನು ಎಂಟನೆಯದಾಗಿ ಇಟ್ಟ. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ಕಂಡದ್ದನ್ನು ಮೀರಿ ಮಾತಾಡುತ್ತಾರೆ ಎಂದ. ಬೈಬಲಿನ ಯೋಬನ ಮೈತುಂಬ ಹುಣ್ಣೆದ್ದಾಗ, ನೀನು ಪಾಪ ಮಾಡಿರಲೇಬೇಕು ಎಂದ ಗೆಳೆಯರನ್ನೇ ದೇವರು ಗದರಿಸುತ್ತಾನೆ. ಧರ್ಮಗಳು ತಮ್ಮೊಳಗೇ ಈ ಎಚ್ಚರವನ್ನು ಕಾಪಾಡಿಕೊಂಡು ಬಂದಿವೆ. ನಾವು ಮನುವಿನ ಪಟ್ಟಿಯನ್ನು ನೆನಪಿಟ್ಟುಕೊಂಡು ಇದನ್ನು ಮರೆತೆವು.

ಇನ್ನೊಂದು ಆಕ್ಷೇಪ ಕರುಣೆಯ ಕಡೆಯಿಂದ ಬರುತ್ತದೆ. ದೋಷ, ಪರಿಹಾರ, ಹರಕೆಗಳು ಸಂಕಟದಲ್ಲಿರುವವರಿಗೆ ಒಂದು ಆಸರೆ, ಅದನ್ನೇಕೆ ಕಿತ್ತುಕೊಳ್ಳಬೇಕು? ಹರಕೆಯನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಪ್ರಾರ್ಥನೆ ಬೇರೆ, ಪಾಪದ ಆರೋಪ ಬೇರೆ. ಮೊದಲನೆಯದು ಧೈರ್ಯ ಕೊಡಬಹುದು, ಎರಡನೆಯದು ನಾಚಿಕೆಯನ್ನು ಹೇರುತ್ತದೆ, ನಾಚಿಕೆಗೊಂಡವರು ಮೈ ಮುಚ್ಚಿಕೊಳ್ಳುತ್ತಾರೆ, ಕಾಲ ಕಳೆಯುತ್ತದೆ. ಸರ್ಪಸುತ್ತು, ಹಿಂದೆಂದೋ ಬಂದುಹೋದ ಚಿಕನ್‌ಪಾಕ್ಸ್‌ನ ವೈರಾಣು ನರದಲ್ಲಿ ಅಡಗಿದ್ದು ಮತ್ತೆ ಎದ್ದಾಗ ಬರುವ ರೋಗ. ಗುಳ್ಳೆ ಕಂಡ 72 ಗಂಟೆಗಳೊಳಗೆ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ಆ ಮೂರು ದಿನಗಳು ಸರ್ಪದೋಷದ ವಿಚಾರಣೆಯಲ್ಲಿ ಕಳೆದರೆ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಕುಷ್ಠರೋಗದಲ್ಲಿ ನಷ್ಟ ಇನ್ನೂ ದೊಡ್ಡದು. ತಿಳಿಬಣ್ಣದ, ಮುಟ್ಟಿದರೆ ಗೊತ್ತಾಗದ ಒಂದು ಮಚ್ಚೆಯನ್ನು ವರ್ಷಗಟ್ಟಲೆ ಮರೆಮಾಡಿದರೆ ನರ ಸಾಯುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ಬೆರಳು ಮಡಚಿದ್ದು ತಡವಾದದ್ದರಿಂದ. ಆಮೇಲೆ ಆ ಬೆರಳನ್ನೇ ತೋರಿಸಿ ಪಾಪಕ್ಕೆ ಸಾಕ್ಷಿ ಎನ್ನುವುದು ಕ್ರೌರ್ಯ.

ಪಾಪವನ್ನು ಬಿಟ್ಟ ಆಧುನಿಕರೂ ಆರೋಪವನ್ನು ಬಿಟ್ಟಿಲ್ಲ. ಅವರು ಅದಕ್ಕೆ ಕೊಳಕು ಎಂದು ಹೆಸರಿಡುತ್ತಾರೆ. ದಿನಾ ಸ್ನಾನ ಮಾಡುವವರಿಗೂ ಕಜ್ಜಿ ಹತ್ತುತ್ತದೆ. ತೊನ್ನಿಗಂತೂ ಸ್ವಚ್ಛತೆಯ ಸಂಬಂಧವೇ ಇಲ್ಲ, ಅದು ಅಂಟುವುದೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ಬಣ್ಣ ತಯಾರಿಸುವ ಕೋಶಗಳನ್ನು ತಾನೇ ನಾಶ ಮಾಡುವುದರಿಂದ ಬಿಳುಪಾಗುತ್ತದೆ. ಆದರೂ ತುಟಿಯ ಅಂಚಿನ ಒಂದು ಬಿಳಿ ಕಲೆ ಹೆಣ್ಣುಮಗಳ ಮದುವೆಯನ್ನು ನಿಲ್ಲಿಸುತ್ತದೆ, ಅವಳ ತಂಗಿಯ ಸಂಬಂಧವನ್ನೂ ತಪ್ಪಿಸುತ್ತದೆ. ಮನುವಿನ ಮೂರನೆಯ ಅಧ್ಯಾಯ ಓದದವರ ಮನೆಗಳಲ್ಲೂ ಅದರ ವಿಧಿ ನಡೆಯುತ್ತಿದೆ.

ಹಾಗಾದರೆ ಚರ್ಮರೋಗದ ಸಂದರ್ಭದಲ್ಲಿ ಪಾಪದ ಮಾತಿಗೆ ಎಡೆಯೇ ಇಲ್ಲವೇ? ಇದೆ, ಆದರೆ ಅದರ ವಿಳಾಸ ಬೇರೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಊರನ್ನೇ ಹಾಳುಮಾಡುವ ರೋಗಗಳ ಕುರಿತ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿಯ, ಆಹಾರದ, ವಯಸ್ಸಿನ ಜನರಿಗೆ ಒಂದೇ ಕಾಲಕ್ಕೆ ಒಂದೇ ರೋಗ ಏಕೆ ಬರುತ್ತದೆ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಗಾಳಿ, ನೀರು, ನೆಲ, ಕಾಲ ಇವು ಎಲ್ಲರಿಗೂ ಸಮಾನ, ಅವು ಕೆಟ್ಟಾಗ ಹಾಗಾಗುತ್ತದೆ ಎಂದು ಗುರು ಆತ್ರೇಯ ಉತ್ತರಿಸುತ್ತಾನೆ. ಅವು ಕೆಡುವುದಕ್ಕೆ ಮೂಲ ಅಧರ್ಮ ಎನ್ನುವಾಗ ಅವನು ಮೊದಲು ಬೊಟ್ಟು ಮಾಡುವುದು ದೇಶ, ನಗರಗಳ ಮುಖ್ಯಸ್ಥರ ಕಡೆಗೆ, ಅಲ್ಲಿಂದ ಅಧರ್ಮ ಜನರಿಗೆ ಇಳಿಯುತ್ತದೆ. ಗಣಿಯ ವಿಷಮಣ್ಣನ್ನು ಬಯಲಲ್ಲಿ ಬಿಟ್ಟವರು, ನೀರು ಪರೀಕ್ಷಿಸದೆ ಕೊಳವೆಬಾವಿ ಕೊಟ್ಟವರು, ಇಕ್ಕಟ್ಟಿನ ಹಾಸ್ಟೆಲ್ ಕಟ್ಟಿದವರು, ಚೀಟಿಯಿಲ್ಲದೆ ಮುಲಾಮು ಮಾರುವವರು ಈ ಅಧ್ಯಾಯದ ಅರ್ಥದಲ್ಲಿ ಅಧರ್ಮಕ್ಕೆ ಹೊಣೆ. ಸಮಾಜವಾಗಿ ನಾವೂ ಹೊಣೆ. ಕುಷ್ಠರೋಗಿಗಳನ್ನು ಬೇರೆಯಿಡಲು ಬ್ರಿಟಿಷರು 1898ರಲ್ಲಿ ತಂದ ಕಾಯ್ದೆಯನ್ನು ನಾವು ರದ್ದುಮಾಡಿದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳಿಂದ ತೆಗೆದದ್ದು 2019ರಲ್ಲಿ. ಕುಷ್ಠವನ್ನು ವಾಸಿಮಾಡುವ ಬಹುವಿಧ ಔಷಧ ಚಿಕಿತ್ಸೆ 1980ರ ದಶಕದಿಂದಲೇ ಕೈಗೆ ಸಿಕ್ಕಿತ್ತು.

ದೋಷ ನೋಡುವವರಲ್ಲಿ, ಪೂಜೆ ಮಾಡಿಸುವವರಲ್ಲಿ, ಮಠಗಳಲ್ಲಿ ನನ್ನ ವಿನಂತಿ ಒಂದೇ. ಮೈಮೇಲಿನ ಮಚ್ಚೆಯನ್ನು ಆಸ್ಪತ್ರೆಗಿಂತ ಮೊದಲು ನಿಮಗೆ ತೋರಿಸುವ ಜನ ಬಹಳ. ಅವರ ಜಾತಕ ಬಿಡಿಸುವ ಮುನ್ನ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಕುಷ್ಠದ ಮಾತ್ರೆ ಅಲ್ಲಿ ಉಚಿತ. ಮಚ್ಚೆಗಳು ಕಡಿಮೆಯಿದ್ದರೆ ಆರು ತಿಂಗಳು, ಹೆಚ್ಚಿದ್ದರೆ ಒಂದು ವರ್ಷ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ.